ಎರಡು ಖಾನೆಯ ಲೆಕ್ಕ

ಚುನಾವಣೆ ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ತಾಲ್ಲೂಕು ಪಟ್ಟಣಗಳ ಬಗ್ಗೆ ಒಂದೇ ಅಚ್ಚಿನ ಲೇಖನಗಳು ಶುರುವಾಗುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂದು ತಲೆಬರಹದಲ್ಲಿ ಊರು ಬದಲಾಗುತ್ತದೆ, ಒಳಗಿನ ಲೆಕ್ಕ ಬದಲಾಗುವುದಿಲ್ಲ. ಲಿಂಗಾಯತರು ಇಷ್ಟು, ಮುಸ್ಲಿಮರು ಇಷ್ಟು, ಮಿಕ್ಕವರು ‘ಇತರೆ’. ಈ ಲೆಕ್ಕದ ಬೆನ್ನಿಗೇ ಇನ್ನೊಂದು ನಂಬಿಕೆಯೂ ಬರುತ್ತದೆ: ನಾನಾ ಭಾಷೆ, ನಾನಾ ಕುಲ, ನಾನಾ ಕಸುಬಿನ ಜನ ಒಂದೆಡೆ ಸೇರಿ ಬಾಳುವುದು ಬೆಂಗಳೂರು, ಮುಂಬೈಗಳಂಥ ಮಹಾನಗರಗಳ ಲಕ್ಷಣ, ಮೂವತ್ತು ನಲವತ್ತು ಸಾವಿರ ಜನರ ಪುರಸಭೆಯ ಊರೆಂದರೆ ಬೆಳೆದ ಹಳ್ಳಿ, ಅಲ್ಲಿ ಬಹುಸಂಖ್ಯಾತರೊಬ್ಬರು, ಅಲ್ಪಸಂಖ್ಯಾತರೊಬ್ಬರು, ಅಲ್ಲಿಗೆ ಮುಗಿಯಿತು. ಪತ್ರಕರ್ತರು, ಪಕ್ಷಗಳು, ಅಧಿಕಾರಿಗಳು, ಈಚೀಚೆಗೆ ಆ ಊರುಗಳವರೇ ಕೂಡ ಇದನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಂತಿದೆ. ಈ ಒಪ್ಪಿಗೆಗೆ ಆಧಾರವಿಲ್ಲ ಎಂಬುದು ನನ್ನ ವಾದ. ಎರಡು ಖಾನೆಗಳನ್ನು ಗೆರೆ ಎಳೆದು ಮಾಡಿದ್ದು ಎಣಿಸುವವರ ಹಾಳೆಯ ಮೇಲೆ. ಊರಿನ ಓಣಿಗಳಲ್ಲಿ ಅಂಥ ಗೆರೆಯನ್ನು ಹುಡುಕಿದರೆ ಸಿಗುವುದು ಬೇರೆಯೇ ಗೆರೆಗಳು, ಅವು ಎರಡಕ್ಕಿಂತ ಎಷ್ಟೋ ಹೆಚ್ಚು.

ಮೊದಲು ಹಾಳೆಯನ್ನೇ ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 21,77,331. ಪಟ್ಟಣವಾಸಿಗಳು ನಾಲ್ಕರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಮುಸ್ಲಿಮರು ನೂರಕ್ಕೆ ಸುಮಾರು 17, ಪರಿಶಿಷ್ಟ ಜಾತಿಯವರು ಸುಮಾರು 20, ಪರಿಶಿಷ್ಟ ಪಂಗಡದವರು ನೂರಕ್ಕೆ 2ಕ್ಕಿಂತ ಕಡಿಮೆ. ನಮ್ಮ ನಾಲ್ಕು ಪಟ್ಟಣಗಳು ಒಂದೊಂದೂ 30ರಿಂದ 40 ಸಾವಿರ ಜನರವು. ಗಣತಿ ಹೇಳುವುದು ಇಷ್ಟು. ಲಿಂಗಾಯತರು ಎಷ್ಟೆಂದು ಅದು ಹೇಳುವುದೇ ಇಲ್ಲ. ಧರ್ಮದ ಕೋಷ್ಟಕದಲ್ಲಿ ಅವರು ಹಿಂದೂ ಕಾಲಮ್ಮಿನೊಳಗೆ ಸೇರಿಹೋಗಿದ್ದಾರೆ; ಎಲ್ಲ ಜಾತಿಗಳನ್ನೂ ಎಣಿಸಿದ ಕೋಷ್ಟಕ 1931ರ ನಂತರ ಜನಗಣತಿಯಿಂದ ಹೊರಬಂದಿಲ್ಲ. 2011ರ ಸಾಮಾಜಿಕ, ಆರ್ಥಿಕ, ಜಾತಿ ಗಣತಿಯ ಜಾತಿವಾರು ಅಂಕಿ ಪ್ರಕಟವಾಗಲಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ನಡೆಸಿದ ಸಮೀಕ್ಷೆಯ ವರದಿ ಸಲ್ಲಿಕೆಯಾದದ್ದು 2024ರ ಫೆಬ್ರುವರಿಯಲ್ಲಿ. ಮರುವರ್ಷ ಅದನ್ನು ಬದಿಗಿಟ್ಟು ಸೆಪ್ಟೆಂಬರ್ 22ರಿಂದ ಹೊಸ ಸಮೀಕ್ಷೆ ಶುರುವಾಯಿತು. ಹಾಗಾದರೆ 2021ರ ಅಕ್ಟೋಬರ್ 30ರಂದು ನಡೆದ ಸಿಂದಗಿ ಉಪಚುನಾವಣೆಯ ಹೊತ್ತಿಗೆ ಎಲ್ಲರ ಬಾಯಲ್ಲಿದ್ದ ಜಾತಿವಾರು ಮತದಾರರ ಲೆಕ್ಕ ಯಾವ ಗಣತಿಯದು? ಯಾವುದರದ್ದೂ ಅಲ್ಲ. ಅದು ಅಂದಾಜು. ಇದರಲ್ಲೊಂದು ತಮಾಷೆಯೂ ಇದೆ. ಭಾಷಣದಲ್ಲಿ ಎರಡೇ ಖಾನೆಯ ಮಾತಾಡುವ ಪಕ್ಷಗಳು ಟಿಕೆಟ್ ಹಂಚಲು ಕೂತಾಗ ಪಂಚಮಸಾಲಿ, ಗಾಣಿಗ, ಕುರುಬ, ತಳವಾರ, ಲಂಬಾಣಿ, ಮರಾಠ ಎಂದು ಒಂದೊಂದನ್ನೇ ಬಿಡಿಸುತ್ತವೆ. ಊರು ಹೇಗಿದೆಯೆಂದು ಅವರಿಗೆ ಗೊತ್ತು. ಗೆದ್ದು ಆಡಳಿತಕ್ಕೆ ಕೂತ ಮೇಲೆ ಮರೆವು.

ದೊಡ್ಡ ಖಾನೆಯನ್ನೇ ತೆರೆದು ನೋಡಿದರೆ ಸಾಕು. ಲಿಂಗಾಯತ ಎಂಬ ಒಂದು ಹೆಸರಿನಡಿ ಪಂಚಮಸಾಲಿ, ಬಣಜಿಗ, ರೆಡ್ಡಿ, ಜಂಗಮ, ಗಾಣಿಗ, ಹಡಪದ, ಮಡಿವಾಳ, ಕುಂಬಾರ ಎಲ್ಲರೂ ಇದ್ದಾರೆ. ಇವರನ್ನು ಒಂದೇ ಗುಂಪೆಂದು ಸರ್ಕಾರವೇ ನಂಬುವುದಿಲ್ಲ: ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಪಂಚಮಸಾಲಿಗಳು 3ಬಿ ಪ್ರವರ್ಗದಲ್ಲಿದ್ದರೆ ಗಾಣಿಗ, ಹಡಪದ, ಮಡಿವಾಳ, ಕುಂಬಾರರು 2ಎಯಲ್ಲಿ. ತಮ್ಮನ್ನೂ 2ಎಗೆ ಸೇರಿಸಿ ಎಂದು ಪಂಚಮಸಾಲಿಗಳು 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ, ಆಗಲೇ ಆ ಪ್ರವರ್ಗದಲ್ಲಿದ್ದ ಸಣ್ಣ ಸಮುದಾಯಗಳು ಆತಂಕಪಟ್ಟದ್ದು ಸುಮ್ಮನೆ ಅಲ್ಲ. ಜಮೀನು ಯಾರದು, ಅಡತಿ ಅಂಗಡಿ ಯಾರದು, ಕ್ಷೌರದ ಅಂಗಡಿ ಯಾರದು ಎಂಬ ಪ್ರಶ್ನೆಗಳಿಗೆ ‘ಲಿಂಗಾಯತರದು’ ಎಂಬ ಉತ್ತರ ಏನನ್ನೂ ಹೇಳುವುದಿಲ್ಲ. ಬಸವನಬಾಗೇವಾಡಿಯ ಮಟ್ಟಿಗಂತೂ ಈ ಒಂದೇ ಹೆಸರಿನ ಓದು ಇನ್ನೂ ವಿಚಿತ್ರ. ಬಸವಣ್ಣನ ಸುತ್ತ ಸೇರಿದ್ದವರು ಯಾರು? ಡೋಹರ ಕಕ್ಕಯ್ಯ, ದೇವರಹಿಪ್ಪರಗಿಯ ಮಡಿವಾಳ ಮಾಚಯ್ಯ, ಮಸಿಬಿನಾಳದವನೆಂದು ಪ್ರತೀತಿಯಿರುವ ಹಡಪದ ಅಪ್ಪಣ್ಣ. ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡೇ ನಿಂತವರು. ಹನ್ನೆರಡನೆಯ ಶತಮಾನದ ಈ ಸೀಮೆಯ ಜನ ಎಷ್ಟು ಬಗೆಯವರಿದ್ದರು ಎನ್ನುವುದಕ್ಕೆ ಶರಣರ ಹೆಸರುಗಳೇ ದಾಖಲೆ. 2024ರ ಜನವರಿಯಲ್ಲಿ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ನಾಡು, ಅವನು ಹುಟ್ಟಿದ ಊರನ್ನು ಒಂದು ಸಮುದಾಯದ ಊರೆಂದು ಓದುತ್ತಿದೆ.

ಎರಡನೆಯ ಖಾನೆಯ ಕಥೆಯೂ ಇದೇ. ಇಂಡಿಯ ಲಿಂಬೆ, ದಾಳಿಂಬೆ ವ್ಯಾಪಾರದಲ್ಲಿ ಕೈಯಿರುವ ಬಾಗವಾನರು, ಹತ್ತಿ ಹಿಂಜುತ್ತಿದ್ದ ಪಿಂಜಾರ ನದಾಫರು, ಅತ್ತಾರರು, ಮೋಮಿನರು, ಮಣಿಯಾರರು, ತಾಂಬೋಳಿಗಳು, ಕಸಾಬರು, ಗೌಂಡಿಗಳು, ದರ್ಗಾದ ಮುಜಾವರರು, ಗತಕಾಲದ ಇನಾಮು ಹೆಸರಲ್ಲಷ್ಟೇ ಉಳಿದ ಇನಾಮದಾರರು. ಇವರ ನಡುವೆ ಮದುವೆಯ ಸಂಬಂಧ ಸಲೀಸಾಗಿ ಬೆಳೆಯುತ್ತದೆ ಎಂದುಕೊಂಡರೆ ಅದೂ ತಪ್ಪು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ, ಛಪ್ಪರಬಂದ, ದರ್ವೇಶ, ಕಸಾಬರು ಪ್ರವರ್ಗ 1ರಲ್ಲಿದ್ದಾರೆ, ಬಹುಪಾಲು ಉಳಿದವರು 2ಬಿಯಲ್ಲಿ. ಛಪ್ಪರಬಂದರನ್ನು ಬ್ರಿಟಿಷ್ ಆಡಳಿತ ಖೋಟಾ ನಾಣ್ಯ ಮಾಡುವವರೆಂದು ಹಣೆಪಟ್ಟಿ ಹಚ್ಚಿ ಅಪರಾಧಿ ಬುಡಕಟ್ಟಿನ ಲೆಕ್ಕಕ್ಕೆ ಸೇರಿಸಿತ್ತು. ಅಂಥವರ ಮೊಮ್ಮಕ್ಕಳನ್ನೂ ಇನಾಮದಾರರ ಮೊಮ್ಮಕ್ಕಳನ್ನೂ ಒಂದೇ ‘ಮುಸ್ಲಿಂ ಮತ’ ಎಂದು ಕರೆದು ಕೈತೊಳೆದುಕೊಳ್ಳುವುದು ಎಣಿಕೆಯೂ ಅಲ್ಲ, ವಿಶ್ಲೇಷಣೆಯೂ ಅಲ್ಲ. ಮೇಲಾಗಿ ಅಡ್ಡಹೆಸರುಗಳು ಈ ಖಾನೆಗಳನ್ನು ಎಲ್ಲೆಂದರಲ್ಲಿ ದಾಟುತ್ತವೆ. ಪಾಟೀಲ ಎಂದರೆ ಲಿಂಗಾಯತನಿರಬಹುದು, ಮುಸ್ಲಿಮನಿರಬಹುದು, ಜೈನ, ಮರಾಠ ಯಾರೂ ಇರಬಹುದು. ಇನಾಮದಾರ, ಜಮಾದಾರ, ಬಿರಾದಾರ ಎಂಬವೂ ಹಾಗೆಯೇ. ಸುಲ್ತಾನರ ಕಾಲದಿಂದ ಪೇಶ್ವೆಗಳ ಕಾಲದವರೆಗೆ ಕಂದಾಯ, ಕಾವಲು, ಲೆಕ್ಕಪತ್ರದ ಕೆಲಸ ಹಿಡಿದವರಿಗೆ ಕೆಲಸವೇ ಹೆಸರಾಯಿತು, ಹೆಸರು ಧರ್ಮ ಕೇಳಲಿಲ್ಲ. ಮತದಾರರ ಪಟ್ಟಿಯ ಅಡ್ಡಹೆಸರು ನೋಡಿ ಸಮುದಾಯ ಎಣಿಸುತ್ತೇವೆ ಎನ್ನುವವರು ಈ ಸೀಮೆಗೆ ಬಂದರೆ ಮೊದಲ ಪುಟದಲ್ಲೇ ಮುಗ್ಗರಿಸುತ್ತಾರೆ.

ಇನ್ನು ‘ಇತರೆ’. ಇಲ್ಲಿಯೇ ಲೆಕ್ಕ ಪೂರ್ತಿ ಕುಸಿಯುವುದು, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಪರಿಶಿಷ್ಟ ಜಾತಿಯ ಕಾಲಮ್ಮಿನಲ್ಲಿ ಚಲವಾದಿಗಳು, ಮಾದಿಗರು, ಸಮಗಾರರು, ಡೋರರು, ಲಂಬಾಣಿಗಳು, ವಡ್ಡರು, ಕೊರವರು ಒಟ್ಟಿಗೆ ಕೂತಿದ್ದಾರೆ. ಒಳಮೀಸಲಾತಿಯ ಹೋರಾಟ ಮೂರು ದಶಕ ನಡೆದು, ನಾಗಮೋಹನದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ ಸರ್ಕಾರ ಪರಿಶಿಷ್ಟ ಜಾತಿಗಳ ಶೇಕಡಾ 17 ಮೀಸಲಾತಿಯನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿದ್ದೇ ಈ ಕಾಲಮ್ಮು ಒಂದಲ್ಲ ಎಂಬುದರ ಅಧಿಕೃತ ಒಪ್ಪಿಗೆ. ಲಂಬಾಣಿಗಳದು ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಭೀಮೆ ದಾಟಿ ಸೋಲಾಪುರಕ್ಕೆ ಹೋದರೆ ಅದೇ ಬಂಜಾರರು ವಿಮುಕ್ತ ಜಾತಿ. ಪೂರ್ವಕ್ಕೆ ತೆಲಂಗಾಣ ಸೇರಿದರೆ ಪರಿಶಿಷ್ಟ ಪಂಗಡ. ಒಂದೇ ಬಳಗದ ಅಣ್ಣತಮ್ಮಂದಿರು ಮೂರು ರಾಜ್ಯದಲ್ಲಿ ಮೂರು ಕಾಲಮ್ಮು. ಅವರಾಡುವ ಮಾತಿನ ಗತಿ ಏನಾಯಿತು? 2011ರಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಮಾಣಿ ಎಂದು ಬರೆಸಿದರು. ಗಣತಿ ಕಚೇರಿ ಅದಷ್ಟನ್ನೂ ಒಯ್ದು ಹಿಂದಿಯ ಮೊತ್ತಕ್ಕೆ ಕೂಡಿಸಿತು. ಹಾಗಾಗಿ ಮುದ್ದೇಬಿಹಾಳ, ಬಾಗೇವಾಡಿ ಕಡೆಯ ತಾಂಡಾಗಳಲ್ಲಿ ಹುಟ್ಟಿ ಬೆಳೆದವರು ಕಾಗದದ ಮೇಲೆ ಹಿಂದಿಯವರು. ಮೊತ್ತ ಮಾತ್ರ ನೋಡುವ ಓದುಗ ಇವರೆಲ್ಲ ಉತ್ತರ ಭಾರತದಿಂದ ವಲಸೆ ಬಂದವರೆಂದು ತಿಳಿದರೆ ತಪ್ಪು ಅವನದಲ್ಲ. ದಖ್ಖನಿಯ ಪಾಡೂ ಹತ್ತಿರಹತ್ತಿರ ಇಂಥದೇ: ನುಸ್ರತಿಯಂಥ ಕವಿಯನ್ನು ಆದಿಲ್‌ಶಾಹಿ ಆಸ್ಥಾನಕ್ಕೆ ಕೊಟ್ಟ, ಇವತ್ತು ಸಂತೆಯಲ್ಲಿ ಕನ್ನಡದೊಂದಿಗೆ ಬೆರೆತು ಓಡಾಡುವ ಮಾತು ಕೋಷ್ಟಕದಲ್ಲಿ ಬರಿ ಉರ್ದು. ತಾಂಡಾಗಳಿಗೆ ಕಂದಾಯ ಗ್ರಾಮದ ಸ್ಥಾನವೂ ಬಹುಕಾಲ ಇರಲಿಲ್ಲ. 2023ರ ಜನವರಿಯಲ್ಲಿ ವಿಜಯಪುರವೂ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗಲೇ ಅಷ್ಟು ಮನೆಗಳು ಸರ್ಕಾರದ ಕಣ್ಣಿಗೆ ಬಿದ್ದದ್ದು. ತಳವಾರರದು ಇನ್ನೊಂದು ಬಗೆ. 2020ರಲ್ಲಿ ತಳವಾರ, ಪರಿವಾರ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ, ಸಿಂದಗಿ, ಇಂಡಿಗಳಲ್ಲಿ ಒಬ್ಬನೇ ಒಬ್ಬ ಹೊಸಬ ಬರದಿದ್ದರೂ ಮುಂದಿನ ಗಣತಿಯಲ್ಲಿ ‘ಬುಡಕಟ್ಟು ಜನಸಂಖ್ಯೆ’ ಏರಿಬಿಡಬಹುದು. ಜನ ಅವರೇ, ಮನೆ ಅದೇ.

ಇಷ್ಟೂ ಬಗೆಯ ಜನ ಒಂದು ಮೂಲ ಜನದ ಮೇಲೆ ಆಮೇಲೆ ಬಂದು ಸೇರಿದವರು ಎಂಬ ಭಾವನೆ ಕೂಡ ಎರಡು ಖಾನೆಯ ಲೆಕ್ಕದ ಒಳಗೇ ಅಡಗಿದೆ. ಚರಿತ್ರೆ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. 1490ರಿಂದ 1686ರವರೆಗೆ ಆದಿಲ್‌ಶಾಹಿ, ಅದರ ನಡುವೆ 1565ರಲ್ಲಿ ಮುದ್ದೇಬಿಹಾಳದ ದಕ್ಷಿಣದ ಕೃಷ್ಣಾ ದಂಡೆಯಲ್ಲಿ ವಿಜಯನಗರದೊಂದಿಗೆ ನಡೆದ ಯುದ್ಧ, ನಂತರ ಮೊಗಲರು, ನಿಜಾಮ, ಮರಾಠರು, 1818ರ ಮೇಲೆ ಸಾತಾರಾ ಅರಸರು, 1848ರಿಂದ ಕಂಪನಿ, ಮುಂಬೈ ಪ್ರಾಂತ, 1956ರಿಂದ ಮೈಸೂರು ರಾಜ್ಯ. ಪ್ರತಿ ಆಳ್ವಿಕೆಯೂ ಸೈನಿಕರನ್ನು, ಕಾರಕೂನರನ್ನು, ಸಾಹುಕಾರರನ್ನು ತಂದು ಇಳಿಸಿ ಹೋಯಿತು. ನಡುವೆ 1876ರಿಂದ 78ರವರೆಗಿನ ಭೀಕರ ಬರ. ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಆ ಬರದಲ್ಲಿ ಕುಸಿದುಹೋಯಿತು. ಸತ್ತವರು ಎಷ್ಟೋ, ದೇಶಾಂತರ ಹೋದವರು ಎಷ್ಟೋ. ಮಳೆ ಬಂದ ಮೇಲೆ ಪಾಳುಬಿದ್ದ ಹೊಲಗಳಿಗೆ, ಪೇಟೆಗಳಿಗೆ ಮತ್ತೆ ಜನ ಸೇರಿದರು. 1884ರಲ್ಲಿ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬೈ ಪ್ರಾಂತದ ಬಿಜಾಪುರ ಗೆಜೆಟಿಯರಿನಲ್ಲಿ ಜನರ ಅಧ್ಯಾಯ ಜಾತಿಯಿಂದ ಜಾತಿಗೆ ಪುಟಗಟ್ಟಲೆ ಹೋಗುತ್ತದೆ. ಆ ಪುಸ್ತಕದ ಪೂರ್ವಗ್ರಹಗಳು ಬೇಕಾದಷ್ಟಿವೆ, ಸರಿ. ಆದರೆ ಜಿಲ್ಲೆಯಲ್ಲಿ ಇಬ್ಬರೇ ಇದ್ದಾರೆಂಬ ಮಾತನ್ನು ವಸಾಹತು ಅಧಿಕಾರಿಗಳೂ ಹೇಳಲಿಲ್ಲ. ಅದು ನಮ್ಮ ಕಾಲದ ಕೊಡುಗೆ.

ನಾಲ್ಕು ಪಟ್ಟಣಗಳನ್ನು ಒಂದೇ ಉಸಿರಿನಲ್ಲಿ ಹೇಳುವುದರಲ್ಲೂ ಅನ್ಯಾಯವಿದೆ. ಇಂಡಿಯ ಮುಖ ಸೋಲಾಪುರದ ಕಡೆ. ಮರಾಠಿ ಅಲ್ಲಿ ಪರಭಾಷೆಯಲ್ಲ. ಹಳೆಯ ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ಗುರುದೇವ ರಾನಡೆ ಆಶ್ರಮ ಮಾಡಿದರು. ಇಂಚಗೇರಿಯಿಂದ ಹೊರಟ ಭಾವುಸಾಹೇಬ ಮಹಾರಾಜರ ಪರಂಪರೆ ಮುಂಬೈಯ ನಿಸರ್ಗದತ್ತ ಮಹಾರಾಜರವರೆಗೆ ಹೋಯಿತು. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬರು ಕೂಡಿ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಈ ನಾಲ್ವರ ಹೆಸರನ್ನು ಯಾವ ಖಾನೆಗೆ ಹಾಕುವುದು? ಸಿಂದಗಿ ಹಳೆಯ ನಿಜಾಮ ಸೀಮೆಯ ಗಡಿ. ಜೇವರ್ಗಿ, ಅಫಜಲಪುರಗಳ ಜತೆ ಅದರ ಬೀಗತನ. ಮುದ್ದೇಬಿಹಾಳದ ಸುತ್ತ ತಾಂಡಾಗಳು, ಆಚೆ ಸುರಪುರ. ಬಾಗೇವಾಡಿಯ ಸೀಮೆಗೆ ಕಳೆದ ಅರವತ್ತು ವರ್ಷಗಳಲ್ಲಿ ಬಂದ ಬದಲಾವಣೆ ಉಳಿದ ಮೂರಕ್ಕೂ ಬಂದಿಲ್ಲ: 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು, ಮುಳುಗಡೆ, ಪುನರ್ವಸತಿ ಕೇಂದ್ರಗಳು, ನಂತರ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ. ಹೊರರಾಜ್ಯದ ಕೂಲಿಯವರು, ಎಂಜಿನಿಯರುಗಳು ಬಂದರು. ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರು ಪಟ್ಟಣಗಳ ಅಂಚಿಗೆ ಬಂದು ನೆಲೆನಿಂತರು.

ಈಗ ಆಕ್ಷೇಪಗಳು. ಮೊದಲನೆಯದು ಸರಳ: ಲಿಂಗಾಯತರೇ ದೊಡ್ಡ ಸಮುದಾಯ ಎಂಬುದು ಸುಳ್ಳೇ? ಸುಳ್ಳಲ್ಲ, ಬಹುಶಃ ನಿಜ. ದೊಡ್ಡ ಗುಂಪೊಂದಿದೆ ಎಂಬುದರಿಂದ ಊರು ಒಂದೇ ಬಗೆಯದು ಎಂಬ ತೀರ್ಮಾನ ಹುಟ್ಟುವುದಿಲ್ಲ, ಅಷ್ಟೇ. ಎರಡನೆಯದು: ಮಹಾನಗರದ ವೈವಿಧ್ಯವೆಂದರೆ ಬೇರೆ ಬೇರೆ ದೇಶ, ರಾಜ್ಯಗಳಿಂದ ಬಂದವರದು; ಇಲ್ಲಿರುವವರೆಲ್ಲ ಇದೇ ಮಣ್ಣಿನವರಲ್ಲವೇ? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಿದೇಶದಲ್ಲಿ ಹುಟ್ಟಿದವರು, ಆದ್ದರಿಂದ ಅಲ್ಲಿ ಹುಟ್ಟಿದ ದೇಶದ ಅಳತೆಗೋಲು ಸರಿ. ಹುಟ್ಟಿದ ಜಿಲ್ಲೆಯ ಅಳತೆಗೋಲು ಹಿಡಿದು ಸಿಂದಗಿಯನ್ನು ಅಳೆದರೆ ಎಲ್ಲರೂ ಒಂದೇ ಎಂಬ ಉತ್ತರವೇ ಬರುತ್ತದೆ. ಮನೆಯ ಮಾತು, ಕಸುಬು, ನಡೆದುಕೊಳ್ಳುವ ದೇವರು, ಬೀಗತನದ ಹರವು ಇವುಗಳನ್ನು ಕೇಳಿದರೆ ಬೇರೆ ಉತ್ತರ. ಅಮೆರಿಕದ ಗಣತಿಯೇ 2000ದಲ್ಲಿ ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ಗುರುತು ಹಾಕಲು ಅವಕಾಶ ಕೊಟ್ಟಿತು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ದುಡಿಯುವಲ್ಲಿ ಮರಾಠಿ ಆಡುವ ಮುದ್ದೇಬಿಹಾಳದ ಹುಡುಗಿಯಿಂದ ನಮ್ಮ ಫಾರ್ಮಿನಲ್ಲಿ ಒಂದು ತಾಯ್ನುಡಿ ಬರೆಸಿಕೊಂಡು, ಅದನ್ನೂ ಹಿಂದಿಯೆಂದು ಎಣಿಸುತ್ತೇವೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ನೀವು ವೈವಿಧ್ಯ ಎನ್ನುತ್ತಿರುವುದು ಜಾತಿಯಲ್ಲವೇ, ಓಣಿ ಓಣಿಗೆ ಬೇರೆಯಾಗಿ, ಕೇರಿಯನ್ನು ಊರ ಹೊರಗಿಟ್ಟು ಕಟ್ಟಿದ ವ್ಯವಸ್ಥೆಗೆ ಚೆಂದದ ಹೆಸರು ಕೊಡುತ್ತಿಲ್ಲವೇ ಎಂದು ಕೇಳಬಹುದು. ಕೇಳಲೇಬೇಕು. ಈ ಪಟ್ಟಣಗಳ ಬಹುತ್ವದಲ್ಲಿ ಹೆಮ್ಮೆಪಡುವಂಥದ್ದು ಸ್ವಲ್ಪವೇ. ಯಾರು ಯಾರ ನೀರು ಮುಟ್ಟಬಾರದು ಎಂದು ಗೆರೆ ಎಳೆದೇ ಅದು ಬೆಳೆದದ್ದು. ಆದ್ದರಿಂದಲೇ ಎರಡು ಖಾನೆಯ ಲೆಕ್ಕದ ಎದುರು ನಿಲ್ಲಿಸುವ ‘ಭಾವೈಕ್ಯದ ನಾಡು’ ಎಂಬ ಮಾತೂ ನನಗೆ ಒಪ್ಪಿಗೆಯಿಲ್ಲ. ಮೊಹರಂನಲ್ಲಿ ಹಿಂದೂಗಳು ಪಂಜಾ ಹಿಡಿಯುವುದು, ರಿವಾಯತ ಪದಗಳನ್ನು ಕನ್ನಡದಲ್ಲಿ ಹಾಡುವುದು ನಿಜ. ಅದೇ ಊರಿನಲ್ಲಿ ಮಾದಿಗರ ಹುಡುಗನಿಗೆ ಕ್ಷೌರಕ್ಕೆ ತೊಂದರೆಯಾಗಬಹುದೆಂಬುದೂ ನಿಜ. ಹಬ್ಬದ ಚಿತ್ರ ತೋರಿಸಿ ಎರಡನೆಯದನ್ನು ಮರೆಸುವುದು, ಎಣಿಕೆಯಲ್ಲಿ ಎಲ್ಲರನ್ನೂ ಎರಡಕ್ಕೆ ಇಳಿಸುವುದು, ಎರಡರ ಪರಿಣಾಮವೂ ಒಂದೇ: ಕೆಳಗಿರುವವರು ಕಾಣುವುದಿಲ್ಲ. ಪ್ರತಿ ಗುಂಪನ್ನೂ ಬೇರೆಬೇರೆಯಾಗಿ ಎಣಿಸಿದರೆ ಸಮಾಜ ಒಡೆಯುತ್ತದೆ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ. ಒಡಕು ಎಣಿಕೆಗಿಂತ ಹಳೆಯದು. ಎಣಿಸದಿದ್ದ ತೊಂಬತ್ತು ವರ್ಷಗಳಲ್ಲಿ ಅದು ಕೂಡಿಕೊಳ್ಳಲೂ ಇಲ್ಲ.

ಎರಡು ಖಾನೆಯ ಮನಸ್ಸು ಏನು ಮಾಡಬಲ್ಲದೆಂದು ಸಿಂದಗಿ 2012ರ ಜನವರಿ 1ರಂದು ಕಂಡಿತು. ತಹಶೀಲ್ದಾರ್ ಕಚೇರಿಯ ಕಂಬದಲ್ಲಿ ಪಾಕಿಸ್ತಾನದ ಬಾವುಟ ಹಾರಿತು, ಕೆಲ ಗಂಟೆಗಳಲ್ಲೇ ಊರು ಬಂದ್, ಪ್ರತಿಭಟನೆ. ಯಾರ ಕೆಲಸ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಎರಡನೆಯ ಖಾನೆ ಸಿದ್ಧವಾಗಿತ್ತಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳೆಂದು ಬಂಧಿಸಿದ್ದು ಹಿಂದೂ ಸಂಘಟನೆಯೊಂದರ ಜತೆ ಗುರುತಿಸಲಾದ ಯುವಕರನ್ನು. ಆರೋಪದ ಸತ್ಯಾಸತ್ಯ ಇಲ್ಲಿ ನನಗೆ ಬೇಕಿಲ್ಲ. ಬಂಧನಕ್ಕೆ ಮುಂಚಿನ ಆ ಗಂಟೆಗಳಲ್ಲಿ ಬಾಗವಾನ, ನದಾಫ, ಗೌಂಡಿ ಎಲ್ಲರೂ ಒಂದೇ ಹೆಸರಾಗಿಬಿಟ್ಟದ್ದು ಬೇಕು. ಗಲಭೆಯಿಲ್ಲದ ದಿನಗಳಲ್ಲಿ ಇದೇ ಮನಸ್ಸು ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮೊದಲ ತರಗತಿಗೆ ಬರುವ ತಾಂಡಾದ ಮಗುವಿಗೆ ಕನ್ನಡ ಮನೆಮಾತಲ್ಲ ಎಂಬುದು ಯಾವ ಕೋಷ್ಟಕದಲ್ಲೂ ಸರಿಯಾಗಿ ಇಲ್ಲದಿರುವುದರಿಂದ ಆ ಮಗುವಿಗೆಂದು ಶಿಕ್ಷಕರನ್ನು ಯಾರೂ ತಯಾರು ಮಾಡುವುದಿಲ್ಲ.

ಇನ್ನೊಂದು ಬಿಟ್ಟುಹೋಗಿದೆ, ಅದು ಋತುವಿನ ಮಾತು. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಆ ಊರಲ್ಲಿ ಬರೆಯುವಂತಿಲ್ಲ, ಇದ್ದಲ್ಲಿ ಬರೆಯಬೇಕು. ವಿಜಯಪುರದ ಗುಳೆ ಹೋಗುವುದು ಸುಗ್ಗಿ ಮುಗಿಯುತ್ತಿದ್ದಂತೆ: ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾದ ಕಟ್ಟಡಗಳಿಗೆ, ಮಂಗಳೂರಿಗೆ, ಬೆಂಗಳೂರಿಗೆ. ಹೋಗುವವರಲ್ಲಿ ಹೊಲವಿಲ್ಲದವರೇ ಹೆಚ್ಚು, ಅಂದರೆ ಲಂಬಾಣಿಗಳು, ದಲಿತರು, ವಡ್ಡರು, ಬಡ ಮುಸ್ಲಿಮರು, ಒಣಬೇಸಾಯದ ಸಣ್ಣ ಹಿಡುವಳಿದಾರರು. ಅವರನ್ನು ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಯಾರಾದರೂ ಬರೆದುಕೊಂಡರೆ ಬರೆದರು, ಇಲ್ಲವಾದರೆ ಇಲ್ಲ. ಊರಲ್ಲಿ ಉಳಿಯುವ ಮೊತ್ತದಲ್ಲಿ ಅಂಗಡಿ, ಜಮೀನು, ನೌಕರಿ ಇದ್ದವರ ಪಾಲು ಆ ತಿಂಗಳ ಮಟ್ಟಿಗೆ ಹಿಗ್ಗುತ್ತದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ, ಅಂದರೆ ಎಣಿಕೆ ಮತ್ತೆ ಫೆಬ್ರುವರಿಯಲ್ಲೇ. 1931ರ ನಂತರ ಮೊದಲ ಸಲ ಎಲ್ಲ ಜಾತಿಗಳನ್ನೂ ಕೇಳುತ್ತಾರಂತೆ. ಒಳ್ಳೆಯದು. ಲಮಾಣಿಯನ್ನು ಲಮಾಣಿಯೆಂದೇ ಪಟ್ಟಣವಾರು ಪ್ರಕಟಿಸಲಿ, ಗುಳೆ ಹೋದ ಮನೆಗೆ ಬೀಗ ಹಾಕಿದೆ ಎಂದು ಬರೆಯುವ ಬದಲು ಅಲ್ಲಿ ಯಾರಿದ್ದಾರೆಂದು ನೆರೆಯವರನ್ನು ಕೇಳಿ ಬೇರೊಂದು ಹಾಳೆಯಲ್ಲಾದರೂ ಗುರುತು ಹಾಕಿಕೊಳ್ಳಲಿ. ಇಂಡಿಯ ನೆರೆಯ ಸೋಲಾಪುರದ ಸಕ್ಕರೆ ಕಾರ್ಖಾನೆಗಳು ಫೆಬ್ರುವರಿಯಲ್ಲಿ ಕಬ್ಬು ನುರಿಸುತ್ತಲೇ ಇರುತ್ತವೆ.